ಪ್ಲಾಚಿಯ ಏಳು ಪದಕಗಳು

ಪದಕ ಅಂದರೆ ಏನು ಅನ್ನುವ ವಿಷಯದಲ್ಲಿ ನಮ್ಮ ಪ್ರಾದಾವಲ್ ಊರಿಗೆ ಯಾವತ್ತೂ ಅನುಮಾನ ಇರಲಿಲ್ಲ. ಪ್ರತಿ ಮೇ ತಿಂಗಳು ಕಣಿವೆಯ ದನಗಳ ಪ್ರದರ್ಶನ ನಡೆಯುತ್ತದೆ. ನೂರ ಇಪ್ಪತ್ತು ಹಸುಗಳು ಸಾಲಾಗಿ ನಿಲ್ಲುತ್ತವೆ. ಬಿಳಿ ಅಂಗಿಯ ತೀರ್ಪುಗಾರ ಒಂದೊಂದರ ಬೆನ್ನು ಸವರಿ, ಕೆಚ್ಚಲು ನೋಡಿ, ಗೊರಸು ಎತ್ತಿಸಿ, ಕೊನೆಗೆ ಒಂದೇ ಒಂದು ಹಸುವಿನ ಹಿಂಭಾಗಕ್ಕೆ ಟಪ್ಪೆಂದು ತಟ್ಟುತ್ತಾನೆ. ಆ ಹಸುವಿಗೆ ಪದಕ. ಉಳಿದ ನೂರ ಹತ್ತೊಂಬತ್ತಕ್ಕೆ ಹುಲ್ಲು. ಇಷ್ಟು ಸರಳವಾದ ವ್ಯವಸ್ಥೆ ಜಗತ್ತಿನಲ್ಲೆಲ್ಲ ಹೀಗೆಯೇ ಇರುತ್ತದೆ ಎಂದು ನಾವು ನಂಬಿದ್ದೆವು. ಮುಂದೆ ಆದ ಅನಾಹುತಕ್ಕೆಲ್ಲ ಈ ನಂಬಿಕೆಯೇ ಕಾರಣ ಎಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ಪಾತ್ರವೂ ಸ್ವಲ್ಪ ಇದೆ. ಅದು ಬರುವ ಜಾಗದಲ್ಲಿ ಬರುತ್ತದೆ.

ನನ್ನ ಹೆಸರು ಕ್ಲಾವ್. ಊರಿನ ಒಂದೇ ಒಂದು ಹೋಟೆಲು ನನ್ನದು. ಪ್ಲಾಚಿ ನಮ್ಮ ಪಂಚಾಯ್ತಿಯ ರಸ್ತೆಯ ಕೆಲಸದವನು. ಚಳಿಗಾಲದಲ್ಲಿ ಹಿಮ ತಳ್ಳುತ್ತಾನೆ, ಬೇಸಿಗೆಯಲ್ಲಿ ಹಿಮ ಒಡೆದ ರಸ್ತೆಗೆ ತೇಪೆ ಹಾಕುತ್ತಾನೆ. ವಯಸ್ಸು ನಲವತ್ತೊಂದು, ಹೆಂಡತಿ ಇಲ್ಲ, ಹೊಟ್ಟೆ ಸ್ವಲ್ಪ ಇದೆ. ಇಂಥ ಮನುಷ್ಯ ಮೂರು ವರ್ಷದ ಕೆಳಗೆ ಇದ್ದಕ್ಕಿದ್ದಂತೆ ಒಂದು ಬೈಸಿಕಲ್ಲನ್ನೂ ಮೈಗೆ ಅಂಟುವ ರಬ್ಬರಿನ ಈಜುಡುಗೆಯನ್ನೂ ಕೊಂಡ. ಕೆರೆಯಲ್ಲಿ ಈಜಿ, ಕಾಡುಮೇಡಿನಲ್ಲಿ ಸೈಕಲ್ ಹೊಡೆದು, ಕೊನೆಗೆ ಗುಡ್ಡ ಹತ್ತಿ ಓಡುವ ಟ್ರಯಥ್ಲಾನ್ ಎಂಬ ಸ್ಪರ್ಧೆಗೆ ಇಟಲಿಗೆ ಹೋಗುತ್ತೇನೆ ಅಂದ. ಒಂದರಲ್ಲೇ ಸಾಯುವಷ್ಟು ಇರುವಾಗ ಮೂರನ್ನೂ ಒಂದೇ ದಿನ ಯಾಕೆ ಮಾಡಬೇಕು ಎಂದು ಊರು ಕೇಳಿತು. ಅವನಿಗೂ ಗೊತ್ತಿರಲಿಲ್ಲ. ಹೋದ. ಮೂರು ದಿನ ಬಿಟ್ಟು ಮೂಗಿನ ಸಿಪ್ಪೆ ಸುಲಿಸಿಕೊಂಡು, ಕುತ್ತಿಗೆಯಲ್ಲಿ ಪದಕ ಹಾಕಿಕೊಂಡು ಬಂದ.

ಅವನನ್ನು ಸಾಕಿದವಳು ಬಾರ್ಲಾ ಅತ್ತೆ, ಅವನ ಅಪ್ಪನ ಅಕ್ಕ. ಅವತ್ತು ಅವಳ ಮನೆಯಲ್ಲಿ ಕಾಪುನ್ಸ್ ಮಾಡಿದ್ದಳು. ಸೊಪ್ಪಿನೆಲೆಯಲ್ಲಿ ಹಿಟ್ಟು ಸುತ್ತಿ ಹಾಲಲ್ಲಿ ಬೇಯಿಸುವ ಆ ತಿಂಡಿಯ ವಾಸನೆಗೆ ಅರ್ಧ ಊರು ಅಲ್ಲೇ ಸೇರಿತ್ತು. ಪ್ಲಾಚಿ ಒಳಗೆ ಬಂದದ್ದೇ ತಡ, ಅತ್ತೆಯ ಕಣ್ಣು ಪದಕದ ಮೇಲೆ ಬಿತ್ತು. ಸೌಟು ಕೆಳಗಿಟ್ಟಳು.

"ಏನೋ ಇದು?"

"ಪದಕ ಅತ್ತೆ. ಕೊಟ್ರು."

"ಅಯ್ಯೋ ನನ್ನಪ್ಪಾ! ಇಟಲಿಯವರನ್ನ ಸೋಲಿಸಿಬಿಟ್ಯಾ?"

"ಅಲ್ಲ ಅತ್ತೆ, ಅಲ್ಲಿ ಏನಂದ್ರೆ…"

"ಎಷ್ಟು ಜನ ಇದ್ರೋ?" ಎಂದು ಪಕ್ಕದ ಮನೆಯ ಸೆಪ್ ಆಂಟೋನಿ ಕೇಳಿದ.

"ಮುನ್ನೂರ ಹನ್ನೆರಡು. ಆದ್ರೆ…"

ಮುನ್ನೂರ ಹನ್ನೆರಡು! ಮುಂದಿನ ಮಾತು ಚಪ್ಪಾಳೆಯಲ್ಲಿ ಮುಳುಗಿಹೋಯಿತು. ಅತ್ತೆ ಅವನ ತಟ್ಟೆಗೆ ಹನ್ನೊಂದು ಕಾಪುನ್ಸ್ ಬಡಿಸಿದಳು. ಅವಳ ಕೈಯಿಂದ ಅಲ್ಲಿಯವರೆಗೆ ಯಾರಿಗೂ ಎಂಟಕ್ಕಿಂತ ಹೆಚ್ಚು ಬಿದ್ದ ದಾಖಲೆ ಇಲ್ಲ. ಪ್ಲಾಚಿ ಬಾಯಿ ತೆರೆದ, ನಮ್ಮೆಲ್ಲರ ಮುಖ ನೋಡಿದ, ತಟ್ಟೆ ನೋಡಿದ. ತೆರೆದ ಬಾಯಿಗೆ ಒಂದು ಕಾಪುನ್ಸ್ ಹಾಕಿಕೊಂಡ.

ನಿಜ ಏನೆಂದರೆ ಅವನು ಮುನ್ನೂರ ಹನ್ನೆರಡನೆಯವನಾಗಿ ಬಂದಿದ್ದ. ಇದನ್ನು ಅವನು ನನಗೊಬ್ಬನಿಗೇ ಹೇಳಿದ್ದು, ಅದೂ ಏಳನೆಯ ಪದಕ ಬಂದ ಮೇಲೆ. ಅಷ್ಟರಲ್ಲಿ ಅವನು ಇನ್ನೂ ಆರು ಕಡೆ ಹೋಗಿ, ಆರು ಕಡೆಯೂ ಕೊನೆಯವನಾಗಿ ಬಂದು ಆರು ಪದಕ ತಂದಿದ್ದ. ಸ್ಲೊವೇನಿಯದಲ್ಲಿ ಅವನು ಗುರಿ ಮುಟ್ಟುವಷ್ಟರಲ್ಲಿ ಗಡಿಯಾರ ಬಿಚ್ಚಿ ಗಾಡಿಗೆ ಹಾಕಿದ್ದರಂತೆ. ಫ್ರಾನ್ಸಿನ ಬೆಟ್ಟದಲ್ಲಿ ಗುರಿಯಲ್ಲಿ ನಿಲ್ಲಿಸಿದ್ದ ರಬ್ಬರು ಕಮಾನಿನ ಗಾಳಿ ತೆಗೆದು ಮಡಚುತ್ತಿದ್ದರಂತೆ. ಮಡಚುತ್ತಿದ್ದವನು ಡಬ್ಬಿಯಲ್ಲಿ ಉಳಿದಿದ್ದ ಪದಕಗಳನ್ನು ತೋರಿಸಿ, "ಎರಡು ತಗೊಳ್ಳಿ, ನನಗೆ ಹೊರೆ ಕಮ್ಮಿ ಆಗುತ್ತೆ" ಅಂದನಂತೆ. ಪ್ಲಾಚಿ ಒಂದೇ ತೆಗೆದುಕೊಂಡಿದ್ದ. ಪ್ರಾಮಾಣಿಕತೆ ಅವನಲ್ಲಿ ಅಷ್ಟರ ಮಟ್ಟಿಗೆ ಇನ್ನೂ ಉಳಿದಿತ್ತು.

"ಯಾಕೆ ಮಾರಾಯ ಅಷ್ಟು ತಡ ಆಗುತ್ತೆ ನಿನಗೆ?" ಎಂದೆ.

"ಗೊತ್ತಿಲ್ಲ ಕ್ಲಾವ್. ಹೋಗ್ತಾ ಇರ್ತೀನಿ. ಎಲ್ರೂ ಮುಂದೆ ಹೋಗಿಬಿಟ್ಟಿರ್ತಾರೆ."

ಇದರಲ್ಲಿ ತಮಾಷೆಯೇ ಇರುತ್ತಿತ್ತು, ಒಂದು ಸಂಗತಿ ಇಲ್ಲದಿದ್ದರೆ. ಅದು ಜಿಯಾಕೆನ್ ಮಾವನ ಕೋಲು.

ಸೆಪ್ಟೆಂಬರಿನಲ್ಲಿ ದನಗಳು ಮೇಲಿನ ಹುಲ್ಲುಗಾವಲಿನಿಂದ ಊರಿಗೆ ಇಳಿಯುವಾಗ, ಹೊರಗಿನಿಂದ ಬಂದವರು ಹೂವಿನ ಕಿರೀಟ ತೊಟ್ಟ ಮುಂದಿನ ಹಸುವಿನ ಫೋಟೋ ತೆಗೆಯುತ್ತಾರೆ. ನಾವು ನೋಡುವುದು ಬಾಲದ ಕಡೆಗೆ. ಅಲ್ಲಿ ಹಿಂಡಿನ ಹಿಂದೆ ಒಬ್ಬನೇ ಒಬ್ಬ ಬರುತ್ತಾನೆ, ಕೈಯಲ್ಲಿ ಹೇಜಲ್ ಮರದ ಕೋಲು. ಅವನಿಗೆ ಕಡೆಯಾಳು ಅನ್ನುತ್ತೇವೆ. ಕುಂಟುವ ಹಸು, ದಾರಿ ತಪ್ಪಿದ ಕರು, ಮೇಲಿಂದ ಊರಿನ ತನಕ ಇರುವ ಹದಿನಾರು ಗೇಟು, ಎಲ್ಲ ಅವನ ಹೊಣೆ. ಅವನು ಚೌಕಕ್ಕೆ ಕಾಲಿಟ್ಟು "ಎಲ್ಲ ಬಂದ್ವು, ಗೇಟು ಹಾಕಿದೆ" ಅಂದ ಮೇಲೆಯೇ ನಾನು ಪೀಪಾಯಿಯ ಬಿರಡೆ ತೆಗೆಯುವುದು. ಬಾರ್ಲಾ ಅತ್ತೆಯ ಗಂಡ ಜಿಯಾಕೆನ್ ಮೂವತ್ತೊಂದು ವರ್ಷ ಕಡೆಯಾಳಾಗಿದ್ದ. ಅವನು ಹೋದ ಮೇಲೆ ಒಂಬತ್ತು ವರ್ಷ ಅತ್ತೆಯೇ ಆ ಕೋಲು ಹಿಡಿದಳು, ಯಾರಿಗೂ ಕೊಡಲಿಲ್ಲ. ಈ ವರ್ಷ ಅವಳ ಮಂಡಿ ಕೈಕೊಟ್ಟಿತ್ತು.

ಪ್ಲಾಚಿಗೆ ಆ ಕೋಲಿನ ಮೇಲೆ ಆರು ವರ್ಷದವನಿದ್ದಾಗಿನಿಂದ ಆಸೆ. ಬೇರೆ ಯಾವುದರ ಮೇಲೂ ಅವನಿಗೆ ಅಂಥ ಆಸೆ ಇದ್ದದ್ದನ್ನು ನಾನು ಕಾಣೆ. ಆದರೆ ಅತ್ತೆ ಏನು ಮಾಡಿದಳು? ಕೊಟ್ಟಿಗೆಯ ತೊಲೆಯ ನಟ್ಟನಡುವೆ ನೇತಾಡುತ್ತಿದ್ದ ಅವಳ ಹಸು ಮೊರಾಳ ಪದಕವನ್ನು ಪಕ್ಕಕ್ಕೆ ಸರಿಸಿ, ಆ ಜಾಗದಲ್ಲಿ ಪ್ಲಾಚಿಯ ಏಳೂ ಪದಕಗಳನ್ನು ಮೊಳೆ ಹೊಡೆದು ತೂಗುಹಾಕಿದಳು. ಒಬ್ಬ ಮನುಷ್ಯನಿಗಾಗಿ ಹಸುವನ್ನು ಪಕ್ಕಕ್ಕೆ ಸರಿಸಿದ್ದು ಅವಳ ಜೀವಮಾನದಲ್ಲಿ ಅದೇ ಮೊದಲು. ಆಮೇಲೆ ಎಲ್ಲರೆದುರು ಹೇಳಿದಳು:

"ಈ ಸಲ ಕೋಲು ಸೆಪ್ ಆಂಟೋನಿಗೆ. ನಮ್ಮ ಪ್ಲಾಚಿ ಮುಂದೆ ಹೋಗೋ ಜಾತಿ. ಮುಂದೆ ಹೋಗೋನಿಗೆ ಹಿಂದಿನ ಕೆಲಸ ಕೊಟ್ರೆ ಹಸು ಅಲ್ಲೇ ಉಳೀತಾವೆ, ಇವನು ಊರು ಸೇರಿರ್ತಾನೆ."

ಅವತ್ತು ಮಧ್ಯಾಹ್ನ ಪ್ಲಾಚಿ ನನ್ನ ಕಟ್ಟೆಗೆ ಒರಗಿ ಎಲ್ಲ ಬಿಚ್ಚಿ ಹೇಳಿದ. "ನೀನು ಅತ್ತೆಗೆ ಹೇಳು ಕ್ಲಾವ್. ನೀನಂದ್ರೆ ಅವಳಿಗೆ ಮರ್ಯಾದೆ."

ಇಲ್ಲಿ ನನ್ನ ಪಾತ್ರ ಬರುತ್ತದೆ. ಕೆಳಗಿನ ಊರುಗಳಿಂದ ಜನ 'ಚಾಂಪಿಯನ್ ಕೂರುವ ಕುರ್ಚಿ' ನೋಡಲು ನನ್ನ ಹೋಟೆಲಿಗೆ ಬರುತ್ತಿದ್ದರು. ನೋಡಿದವರು ಬಾರ್ಲಿ ಸೂಪು ಕುಡಿದು ಹೋಗುತ್ತಿದ್ದರು. ನಾನು ಒಂದು ಲೋಟ ಒರೆಸಿದೆ. ಒರೆಸಿದ ಲೋಟವನ್ನೇ ಇನ್ನೊಂದು ಸಲ ಒರೆಸಿದೆ. "ನೋಡೋಣ" ಅಂದೆ.

ನೋಡುವಷ್ಟರಲ್ಲಿ ಊರಿನ ಸಭೆ ಬಂತು. ನಮ್ಮಲ್ಲಿ ಎಲ್ಲ ತೀರ್ಮಾನವೂ ಕೈ ಎತ್ತಿಯೇ ಆಗುವುದು. ಅಧ್ಯಕ್ಷ ತುಮಾಶ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. "ನಮ್ಮ ಹುಡುಗ ಊರೂರು ಅಲೆದು ಗೆಲ್ತಾನೆ. ನಾವು ಒಂದು ಸಲವೂ ಕಣ್ಣಾರೆ ಕಂಡಿಲ್ಲ. ನಮಗೂ ಕೆರೆ ಇದೆ, ಕಾಡಿದೆ, ಗುಡ್ಡ ಇದೆ. ಸ್ಪರ್ಧೆಯನ್ನೇ ಇಲ್ಲಿಗೆ ಕರೆಸೋಣ. ಗೆಲ್ಲೋದನ್ನ ಬೆಂಚ್ ಹಾಕ್ಕೊಂಡು ಕೂತು ನೋಡೋಣ. ಒಪ್ಪಿಗೆ ಇದ್ದೋರು ಕೈ ಎತ್ತಿ."

ಎಲ್ಲ ಕೈಗಳೂ ಮೇಲೆದ್ದವು. ಮೂಲೆಯಲ್ಲಿದ್ದ ಪ್ಲಾಚಿ ಬೆಂಚಿನ ತುದಿಗೆ ಸರಿದ. ಇನ್ನು ತಡೆಯಲಾಗದು ಎಂದು ಎದ್ದು, "ಒಂದು ಮಾತು ಹೇಳಬೇಕಿತ್ತು" ಎನ್ನಲು ಅವನೂ ಕೈ ಎತ್ತಿದ.

"ಪ್ಲಾಚಿಯದೂ ಬಂತು. ಸರ್ವಾನುಮತ!" ಎಂದು ತುಮಾಶ್ ಮೇಜು ಗುದ್ದಿದ. ಕೈ ಇಳಿಸಲು ಪ್ಲಾಚಿ ಸ್ವಲ್ಪ ಹೊತ್ತು ಮರೆತೇಬಿಟ್ಟಿದ್ದ.

ಸ್ಪರ್ಧೆ ನಡೆಸಲು ಜ್ಯೂರಿಕ್‌ನಿಂದ ಶ್ರೀಮತಿ ಎಗ್ಲಿ ಬಂದಳು. ಕುತ್ತಿಗೆಯಲ್ಲಿ ಸೀಟಿ, ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ, ಮುಖದಲ್ಲಿ ನಿಯಮ. ನನ್ನ ಹೋಟೆಲಿನಲ್ಲಿ ಊರನ್ನೆಲ್ಲ ಕೂರಿಸಿ ನಿಯಮಗಳನ್ನು ಮೂರು ಸಲ ಓದಿದಳು. ಕೆರೆಯಲ್ಲಿ ಈಜು. ಮೇಲಿನ ಹುಲ್ಲುಗಾವಲು ಸುತ್ತಿ ಎರಡು ಸುತ್ತು ಸೈಕಲ್ಲು. ಕೊನೆಗೆ ಓಟ. ಪ್ರೇಕ್ಷಕರು ಸ್ಪರ್ಧಿಗಳಿಗೆ ಯಾವ ಬಗೆಯ ಸಹಾಯವನ್ನೂ ಮಾಡಕೂಡದು. ತುಮಾಶ್ ಆ ವಾಕ್ಯದ ಕೆಳಗೆ ಗೆರೆ ಎಳೆದುಕೊಂಡ. ಅಧ್ಯಕ್ಷನಾದವನಿಗೆ ಏನಾದರೂ ಒಂದರ ಕೆಳಗೆ ಗೆರೆ ಎಳೆಯದಿದ್ದರೆ ಸಮಾಧಾನವಿಲ್ಲ.

"ಇನ್ನೊಂದು," ಎಂದಳು ಎಗ್ಲಿ. "ದಾರಿಯಲ್ಲಿರುವ ಗೇಟುಗಳೆಲ್ಲ ಅವತ್ತು ತೆರೆದೇ ಇರಬೇಕು."

ಸೂಪಿನ ಚಮಚಗಳು ಗಾಳಿಯಲ್ಲಿ ನಿಂತವು.

"ತೆರೆದು… ಹಾಗೇ ಬಿಡೋದಾ?" ಸೆಪ್ ಆಂಟೋನಿ ಚಮಚ ಕೆಳಗಿಟ್ಟು ಕೇಳಿದ.

"ಹೌದು. ಹಾಗೇ."

"ಯಾರೂ ಮುಚ್ಚದೆ?"

"ಯಾರೂ ಮುಚ್ಚದೆ."

ಪ್ಯಾಂಟು ಹಾಕದೆ ಪೂಜೆಗೆ ಬನ್ನಿ ಎಂದಿದ್ದರೂ ನಮ್ಮವರ ಮುಖ ಹಾಗಾಗುತ್ತಿರಲಿಲ್ಲ. ನಮ್ಮ ಮಕ್ಕಳು ಅಮ್ಮ ಅನ್ನುವುದಕ್ಕೆ ಮೊದಲು ಗೇಟು ಹಾಕಲು ಕಲಿಯುತ್ತಾರೆ. ತೆರೆದ ಗೇಟು ಕಂಡರೆ ಕಾಲು ತಾನೇ ಅತ್ತ ತಿರುಗುತ್ತದೆ. ಆದರೂ ಪ್ಲಾಚಿಯ ಗೆಲುವಿನ ಮುಖ ನೋಡಿ ಎಲ್ಲರೂ ಹೂಂ ಅಂದರು. ದನಗಳನ್ನು ಅವತ್ತು ಆಚೆ ಮಗ್ಗುಲಿಗೆ ಹೊಡೆಯುವುದೆಂದಾಯಿತು. ಊರ ಕೆಲಸದ ದಿನ ಮನೆಗೊಬ್ಬರಂತೆ ಗುದ್ದಲಿ ಹಿಡಿದು ದಾರಿ ಸರಿಮಾಡಿದೆವು. ಪ್ಲಾಚಿ ಜಾರದಿರಲಿ ಎಂದು ಇಳಿಜಾರಿನಲ್ಲಿ ಬಾರ್ಲಾ ಅತ್ತೆ ಕೈಯಾರೆ ಕಲ್ಲು ಆರಿಸಿದಳು, ಆ ಮಂಡಿ ಇಟ್ಟುಕೊಂಡು. ಪ್ಲಾಚಿ ಅದನ್ನು ನೋಡಿ ಗುದ್ದಲಿ ಎಸೆದು ಕಾಡಿಗೆ ಹೋಗಿ ಕೂತ. "ಧ್ಯಾನ ಮಾಡ್ತಿದ್ದಾನೆ, ಮಾತಾಡಿಸಬೇಡಿ" ಎಂದು ಅತ್ತೆ ಎಲ್ಲರನ್ನೂ ಗದರಿಸಿದಳು.

ಸ್ಪರ್ಧೆಯ ಬೆಳಿಗ್ಗೆ ತೊಂಬತ್ಮೂರು ಜನ ಕೆರೆಯ ದಡದಲ್ಲಿ ನಿಂತರು. ಹನ್ನೆರಡು ದೇಶದವರು, ಒಬ್ಬೊಬ್ಬರ ತೊಡೆಯೂ ನಮ್ಮ ಚರ್ಚಿನ ಕಂಬದ ಹಾಗೆ. ಅವರ ನಡುವೆ ಪ್ಲಾಚಿ ಕಪ್ಪು ರಬ್ಬರಿನಲ್ಲಿ ಉಸಿರು ಕಟ್ಟಿಕೊಂಡು ನಿಂತಿದ್ದ. ಗಂಟೆ ಹೊಡೆಯಿತು. ತೊಂಬತ್ತೆರಡು ಜನ ನೀರಿಗೆ ಬಿದ್ದರು. ಪ್ಲಾಚಿ ಮೊದಲು ಕಾಲಿನ ಹೆಬ್ಬೆರಳು ಅದ್ದಿದ.

"ಯಾಕೋ ನಿಂತ?" ಎಂದ ತುಮಾಶ್.

"ಅತಿಥಿಗಳು ಮೊದಲು ಹೋಗ್ಲಿ ಅಂತ," ಎಂದಳು ಅತ್ತೆ. "ಮನೆತನ ಅಂದ್ರೆ ಅದು."

ಎಲ್ಲರೂ ನೀರಿನಿಂದ ಎದ್ದು ಸೈಕಲ್ ಹತ್ತಿ ಹೋದ ಮೇಲೂ ಕೆರೆಯ ನಡುವೆ ಒಂದು ಹಳದಿ ಟೋಪಿ ತೇಲುತ್ತಲೇ ಇತ್ತು.

"ಇನ್ನೂ ನೀರಲ್ಲೇ ಇದ್ದಾನಲ್ಲ!"

"ದಮ್ಮು ಉಳಿಸ್ಕೋತಿದ್ದಾನೆ. ಕೊನೇಲಿ ಒಂದೇ ಸಲ ಬಿಡ್ತಾನೆ. ನಿನಗೇನು ಗೊತ್ತು ಸ್ಪರ್ಧೆ ಅಂದ್ರೆ?"

ತುಮಾಶ್ ತಲೆಯಾಡಿಸಿ ಅದನ್ನೇ ಪಕ್ಕದವರಿಗೆ ತನ್ನದೇ ವಿಚಾರವೆಂಬಂತೆ ವಿವರಿಸಿದ. ಪ್ಲಾಚಿ ಕೊನೆಗೂ ದಡ ಸೇರಿ, ರಬ್ಬರಿನ ಉಡುಗೆಯ ತೋಳಿನಲ್ಲಿ ತಲೆ ಸಿಕ್ಕಿಸಿಕೊಂಡು ಎರಡು ಸುತ್ತು ತಿರುಗಿದಾಗ, ಅದೂ ಒಂದು ವ್ಯಾಯಾಮವೆಂದು ಊರು ಒಪ್ಪಿಕೊಂಡಿತು.

ನಾವೆಲ್ಲ ಮೇಲಿನ ಹುಲ್ಲುಗಾವಲಿಗೆ ಹೊರಟೆವು. ಅಲ್ಲಿ ದೊಡ್ಡ ಗೇಟಿನ ಪಕ್ಕದ ದಿಬ್ಬದಲ್ಲಿ ಕೂತರೆ ಎರಡೂ ಸುತ್ತು ಕಾಣುತ್ತದೆ. ಅತ್ತೆಯನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿದರು. ನಾನು ತಳ್ಳುಗಾಡಿಯಲ್ಲಿ ಬಾಟಲಿಗಳನ್ನು ಹೇರಿಕೊಂಡು ಹೋದೆ. ದಾರಿಯಲ್ಲಿ ನಾಲ್ಕು ಗೇಟು ಸಿಕ್ಕವು. ಅವುಗಳ ವಿಷಯ ಆಮೇಲೆ ಹೇಳುತ್ತೇನೆ.

ದೊಡ್ಡ ಗೇಟಿನ ಬಗ್ಗೆ ಮಾತ್ರ ಈಗಲೇ ಹೇಳಬೇಕು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ನಡುವೆ ಜಿಯಾಕೆನ್ ಮಾವ ಕೂರಿಸಿದ ಆಳೆತ್ತರದ ಗೇಟು, ಮೇಲೆ ಮುಳ್ಳುತಂತಿ. ಅದರ ಚೌಕಟ್ಟು ಜಗ್ಗಿ ಹದಿನೈದು ವರ್ಷವಾಗಿದೆ. ತೆರೆಯಬೇಕಾದರೆ ಕೆಳಗಿನ ಪಟ್ಟಿಗೆ ಮಂಡಿ ಕೊಟ್ಟು, ಹೆಗಲಿನಿಂದ ನೂಕಿ, ಅದೇ ಹೊತ್ತಿಗೆ ಕಬ್ಬಿಣದ ಬಳೆಯನ್ನು ಎತ್ತಿ ಎಡಕ್ಕೆ ತಿರುಗಿಸಬೇಕು. ನಮ್ಮೂರಿನ ಐದು ವರ್ಷದ ಮಗು ತೆರೆಯುತ್ತದೆ. ಹೊರಗಿನ ಎಂಜಿನಿಯರು ತೆರೆಯಲಾರ. ಎಗ್ಲಿ ಅದನ್ನು ಹಗ್ಗದಿಂದ ತೆರೆದು ಕಟ್ಟಿಸಿ, ಕಾವಲಿಗೆ ಸೆಪ್ ಆಂಟೋನಿಗೆ ಕಿತ್ತಳೆ ಬಣ್ಣದ ಕೋಟು ತೊಡಿಸಿ ನಿಲ್ಲಿಸಿದ್ದಳು.

ಮೊದಲ ಸುತ್ತಿನಲ್ಲಿ ತೊಂಬತ್ತೆರಡು ಜನ ಸುಯ್ಯನೆ ಆ ಗೇಟು ದಾಟಿದರು. ಬಹಳ ಹೊತ್ತು ಬಿಟ್ಟು ಪ್ಲಾಚಿ ಏದುಸಿರು ಬಿಡುತ್ತ ಬಂದ. ದಾಟಿದ. ನಾಲ್ಕು ಮಾರು ಹೋಗಿ ನಿಂತ. ತಿರುಗಿ ಬಂದು, ಸೈಕಲ್ಲನ್ನು ಬಂಡೆಗೆ ಒರಗಿಸಿ, ಹಗ್ಗ ಬಿಚ್ಚಿ, ಗೇಟು ಹಾಕಿ, ಬಳೆ ಕೂತಿತೇ ಎಂದು ಅಲ್ಲಾಡಿಸಿ ನೋಡಿ ಮತ್ತೆ ಹೊರಟ. ದಿಬ್ಬದ ಮೇಲಿದ್ದ ನಲವತ್ತು ಜನರಲ್ಲಿ ಒಬ್ಬರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ. ಸೆಪ್ ಆಂಟೋನಿ ಕೂಡ ತೃಪ್ತಿಯಿಂದ ನೋಡಿ, ಕೋಟು ಬಿಚ್ಚಿ, ಗೋವಳರ ಗುಡಿಸಲಿಗೆ ಕಾಫಿ ಕುಡಿಯಲು ಹೋದ. ತೆರೆದ ಗೇಟಿಗಲ್ಲವೇ ಕಾವಲು ಬೇಕಾದ್ದು?

ಆಚೆ ಮಗ್ಗುಲಿಗೆ ಹೊಡೆದಿದ್ದ ದನಗಳು ಅಷ್ಟರಲ್ಲಿ ತಿರುಗಿ ಬಂದವು. ಅವುಗಳಿಗೆ ಯಾರೂ ನಿಯಮ ಓದಿ ಹೇಳಿರಲಿಲ್ಲ. ಅತ್ತೆಯ ಹಸು ಮೊರಾ ನೇರವಾಗಿ ಬಂದು ಗೇಟಿಗೆ ಒಳಗಿನಿಂದ ಮೈ ಆನಿಸಿ ತುರಿಸಿಕೊಳ್ಳತೊಡಗಿದಳು.

ಎರಡನೆಯ ಸುತ್ತಿಗೆ ಮೊದಲು ಬಂದವನು ಉದ್ದ ಕಾಲಿನ ಒಬ್ಬ ಸ್ಲೊವೇನಿಯದವನು. ಗೇಟಿನ ಮುಂದೆ ಕೀಚೆಂದು ನಿಂತ. ನೂಕಿದ. ಎಳೆದ. ಒದ್ದ. ಮೊರಾ ಆಚೆಯಿಂದ ತಲೆ ತೂರಿಸಿ, ಅವನ ಉಪ್ಪು ಬೆವರಿನ ಮುಖವನ್ನು ಗಲ್ಲದಿಂದ ಹಣೆಯವರೆಗೆ ಒಂದೇ ನಾಲಗೆಯಲ್ಲಿ ನೆಕ್ಕಿದಳು. ಅಷ್ಟರಲ್ಲಿ ಎರಡನೆಯವನು ಬಂದ, ಹತ್ತನೆಯವನು ಬಂದ, ನಲವತ್ತನೆಯವಳು ಬಂದಳು. ಕಿರಿದಾದ ದಾರಿಯಲ್ಲಿ ಸೈಕಲ್ಲಿಗೆ ಸೈಕಲ್ಲು ಸಿಕ್ಕಿ, ಸಂಜೆ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಯ ಮುಂದೆ ಸೇರುವ ಹಿಂಡಿನ ಹಾಗೆ ಎಲ್ಲರೂ ಮುಖ ಚಾಚಿ ನಿಂತರು.

"ಸ್ವಾಮಿ, ಇದನ್ನ ಹೇಗೆ ತೆಗೆಯೋದು?" ಎಂದು ಒಬ್ಬ ಫ್ರೆಂಚಿನವನು ನಮ್ಮತ್ತ ಕೂಗಿದ.

ನಾನು ಏಳಹೊರಟೆ. ತುಮಾಶ್ ನನ್ನ ಕೈ ಹಿಡಿದು ಕೂರಿಸಿದ. ಜೇಬಿನಿಂದ ಕಾಗದ ತೆಗೆದು, ಗೆರೆ ಎಳೆದ ವಾಕ್ಯದ ಮೇಲೆ ಬೆರಳಿಟ್ಟು ಗಂಭೀರವಾಗಿ ಓದಿದ: "ಪ್ರೇಕ್ಷಕರು ಸ್ಪರ್ಧಿಗಳಿಗೆ ಯಾವ ಬಗೆಯ ಸಹಾಯವನ್ನೂ ಮಾಡಕೂಡದು. ಕ್ಷಮಿಸಿ ಸ್ವಾಮಿ. ನಮಗೆ ಮನಸ್ಸಿದೆ. ನಿಯಮ ಬಿಡೋದಿಲ್ಲ."

"ಹೇಳೋದೂ ಬೇಡ್ವಾ?" ಎಂದೆ.

"ಹೇಳೋದೂ ಸಹಾಯಾನೇ."

"ಕೂತ್ಕೊಳ್ಳಿ ಎಲ್ರೂ," ಎಂದಳು ಅತ್ತೆ ಟ್ರ್ಯಾಕ್ಟರಿನ ಮೇಲಿಂದ, ಕಣ್ಣು ಮಿಂಚಿಸುತ್ತ. "ನಮ್ಮವನು ಬರ್ತಾನೆ. ಈಗ ಗೊತ್ತಾಯ್ತಾ ಅವನ ತಂತ್ರ? ಮೊದಲ ಸುತ್ತಲ್ಲಿ ಗೇಟು ಯಾಕೆ ಹಾಕಿದ ಅಂತ?"

ಊರು ಬೆರಗಾಯಿತು. ಇಂಥ ತಲೆ ನಮ್ಮ ಹಿಮ ತಳ್ಳುವವನಿಗಿದೆ ಎಂದು ಯಾರಿಗೆ ಗೊತ್ತಿತ್ತು? ಅರ್ಧ ಗಂಟೆಗೂ ಮೇಲೆ ಕಾದೆವು. ತೊಂಬತ್ತೆರಡು ಜನರಲ್ಲಿ ಕೆಲವರು ಬೈದರು, ಕೆಲವರು ಬಾಳೆಹಣ್ಣು ತಿಂದರು, ಮೊರಾ ಒಂಬತ್ತು ಜನರ ಮುಖ ತೊಳೆದಳು. ಕೊನೆಗೆ ತಿರುವಿನಲ್ಲಿ ಹಳದಿ ಅಂಗಿ ಕಾಣಿಸಿತು.

ಈ ಹೊತ್ತಿಗೆ ಲೆಕ್ಕ ಹೇಗಿತ್ತು ನೋಡಿ. ಇಡೀ ಸ್ಪರ್ಧೆ ಒಂದೇ ಗೇಟಿನ ಮುಂದೆ ನಿಂತಿದೆ. ಅದನ್ನು ತೆರೆಯಬಲ್ಲ ಸ್ಪರ್ಧಿ ಒಬ್ಬನೇ. ಅವನು ತೆರೆದು ತಾನು ನುಗ್ಗಿ ಹಿಂದೆ ಬಳೆ ಬೀಳಿಸಿದರೆ, ಉಳಿದವರು ಸೆಪ್ಟೆಂಬರಿನ ತನಕ ಅಲ್ಲೇ. ನಡೆದುಕೊಂಡು ಹೋದರೂ ಗೆಲುವು. ಅವನ ಏಳು ಪದಕದ ಸುಳ್ಳು ಈ ಒಂದು ದಿನದಿಂದ ನಿಜವಾಗಿಬಿಡುತ್ತದೆ.

"ಪ್ಲಾಚಿ!" ಅತ್ತೆ ಟ್ರ್ಯಾಕ್ಟರಿನ ಮೇಲೆ ಎದ್ದು ನಿಂತು ಕಿರುಚಿದಳು. "ತೆಗಿ! ನುಗ್ಗು! ಹಾಕು!"

"ತೆಗಿ! ನುಗ್ಗು! ಹಾಕು!" ಎಂದು ದಿಬ್ಬವೆಲ್ಲ ಕೂಗಿತು. ತುಮಾಶ್ ಕಾಗದ ಬೀಸಿ ತಾಳ ಹಾಕಿದ.

ಜನ ಬಿಟ್ಟ ದಾರಿಯಲ್ಲಿ ಪ್ಲಾಚಿ ಸೈಕಲ್ ತಳ್ಳಿಕೊಂಡು ಮುಂದೆ ಬಂದ. ಎಲ್ಲರಿಗೂ "ಕ್ಷಮಿಸಿ, ಕ್ಷಮಿಸಿ" ಅನ್ನುತ್ತಿದ್ದ. ಮಂಡಿ ಕೊಟ್ಟ, ಹೆಗಲು ನೂಕಿದ, ಬಳೆ ಎತ್ತಿದ. "ಹಿಂದೆ ಸರಿ ಮೊರಾ, ಸರಿಯಮ್ಮ" ಅಂದ. ಮೊರಾ ಸರಿದಳು. ಗೇಟು ತೆರೆಯಿತು.

ಆಮೇಲೆ ಅವನು ಮಾಡಿದ್ದು, ಜಿಯಾಕೆನ್ ಮಾವ ಅವನಿಗೆ ಆರನೆಯ ವಯಸ್ಸಿನಲ್ಲಿ ಕಲಿಸಿದ್ದನ್ನು. ಗೇಟಿಗೆ ಬೆನ್ನು ಕೊಟ್ಟು, ದಾರಿ ಬಿಟ್ಟು ಪಕ್ಕಕ್ಕೆ ನಿಂತ. ಹಸುಗಳು ಹೊರಬೀಳದಂತೆ ಒಂದು ಕೈ ಚಾಚಿದ. ಇನ್ನೊಂದು ಕೈಯಿಂದ "ಬನ್ನಿ, ಬನ್ನಿ" ಎಂದು ಕರೆದ. ತೊಂಬತ್ತೆರಡು ಜನ ಒಬ್ಬೊಬ್ಬರಾಗಿ ಅವನ ಮುಂದೆ ಹಾದುಹೋದರು, ಹನ್ನೆರಡು ಭಾಷೆಯಲ್ಲಿ ಧನ್ಯವಾದ ಹೇಳುತ್ತ. ಅವನ ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದ.

ತಾಳ ಹಾಕುತ್ತಿದ್ದ ತುಮಾಶ್ ಕಾಗದ ಕೆಳಗಿಳಿಸಿದ.

"ಲೋ ದಡ್ಡ ಶಿಖಾಮಣಿ!" ಅತ್ತೆಯ ದನಿ ಬಂಡೆಗೆ ಬಡಿದು ಬಂತು. "ಮೊದಲು ನೀನು ಹೋಗೋದಲ್ವೇನೋ!"

ಪ್ಲಾಚಿ ತಲೆಯೆತ್ತಿ ನೋಡಿದ. ಪಾಪ, ಅವನಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ.

"ನಾನು ಹೋದ್ರೆ ಗೇಟು ಯಾರು ಹಾಕ್ತಾರೆ ಅತ್ತೆ?"

ಕೊನೆಯವನು ದಾಟಿದ ಮೇಲೆ ಗೇಟು ಹಾಕಿದ. ಬಳೆ ಅಲ್ಲಾಡಿಸಿ ನೋಡಿದ. ಸೈಕಲ್ ಹತ್ತಿದ. ನಿಂತಿದ್ದ ಅತ್ತೆ ಟ್ರ್ಯಾಕ್ಟರಿನಲ್ಲಿ ಕೂತುಬಿಟ್ಟಳು.

ಚೌಕದಲ್ಲಿ ಸ್ಪರ್ಧೆ ಮುಗಿಯುವ ಜಾಗದಲ್ಲಿ ನಾವು ಬೆಂಚು ಹಾಕಿಕೊಂಡು ಕೂತೆವು. ಸ್ಲೊವೇನಿಯದವನು ಮೊದಲು ಬಂದ. ಎಗ್ಲಿ ಅವನಿಗೆ ಪದಕ ಹಾಕಿದಳು. ಚಪ್ಪಾಳೆ ತಟ್ಟಿದೆವು. ಎರಡನೆಯವನಿಗೂ ಹಾಕಿದಳು, ಮೂರನೆಯವನಿಗೂ. ನಾಲ್ಕನೆಯವನಿಗೂ ಹಾಕಿದಾಗ ತುಮಾಶ್ ನನ್ನ ಕಿವಿಯಲ್ಲಿ, "ಕೈತಪ್ಪು ಆಯ್ತು ಪಾಪ" ಅಂದ. ಹತ್ತನೆಯವನಿಗೂ ಬಂತು. ಮೂವತ್ತನೆಯವಳಿಗೂ ಬಂತು. ಐವತ್ತೇಳನೆಯವನು ಫೋನಿನಲ್ಲಿ ಹೆಂಡತಿಯೊಂದಿಗೆ ಜಗಳವಾಡುತ್ತ ನಡೆದುಬಂದ. ಅವನಿಗೂ ಬಂತು.

"ಎಲ್ರಿಗೂ ಕೊಡ್ತಾರಾ?" ಸೆಪ್ ಆಂಟೋನಿ ಕಣ್ಣರಳಿಸಿದ. "ನೂರ ಇಪ್ಪತ್ತು ಹಸುಗೂ?"

ಬಾರ್ಲಾ ಅತ್ತೆ ಮೆಲ್ಲಗೆ ನನ್ನತ್ತ ತಿರುಗಿದಳು.

"ಕ್ಲಾವ್. ನಿನಗೆ ಗೊತ್ತಿತ್ತಾ?"

ಒರೆಸಲು ಕೈಯಲ್ಲಿ ಲೋಟವೇ ಇರಲಿಲ್ಲ. ಕನ್ನಡಕ ತೆಗೆದು ಒರೆಸಿದೆ. ಅವಳು ಬೆಂಚಿನಲ್ಲಿ ಆಚೆಗೆ ಸರಿದು ಕೂತಳು. ಅದಕ್ಕಿಂತ ಅವಳು ನನಗೆ ಎರಡು ಬಾರಿಸಿದ್ದರೆ ಒಳ್ಳೆಯದಿತ್ತು.

ಪ್ಲಾಚಿ ತೊಂಬತ್ಮೂರನೆಯವನಾಗಿ, ಎಲ್ಲರೂ ಬಟ್ಟೆ ಬದಲಿಸಿ ಸಾಸೇಜು ತಿನ್ನುತ್ತಿರುವಾಗ ಬಂದ. ಎಗ್ಲಿ ಅವನಿಗೂ ಪದಕ ಹಾಕಿ, ಆ ಕೈಯಲ್ಲೇ ಧ್ವನಿವರ್ಧಕ ಎತ್ತಿಕೊಂಡಳು. ಮುಖ ಕೆಂಡವಾಗಿತ್ತು. ದೂರಿನ ಮೇಲೆ ದೂರು ಬಂದಿದ್ದವು.

"ನನಗೆ ಒಂದೇ ಉತ್ತರ ಬೇಕು. ಗೇಟು ಮುಚ್ಚಿದವರು ಯಾರು?"

ಪ್ಲಾಚಿಯ ಕೈ ತಕ್ಷಣ ಮೇಲೆದ್ದಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಸೆಪ್ ಆಂಟೋನಿಯ ಕೈಯೂ ಎದ್ದಿತು. ಬೆಳಿಗ್ಗೆ ಕಾವಲಿಗೆ ಹೋಗುವಾಗ ಅವನು ಕೆಳಗಿನ ಆರು ಗೇಟುಗಳನ್ನು ಹಾಕಿಕೊಂಡೇ ಹೋಗಿದ್ದ. ಅತ್ತೆ ಟ್ರ್ಯಾಕ್ಟರು ನಿಲ್ಲಿಸಿ ನಿಲ್ಲಿಸಿ ಹಾಕಿಸಿದ್ದಳು. ಅಧ್ಯಕ್ಷ ತುಮಾಶ್ ಮೂರು. ನನ್ನ ತಳ್ಳುಗಾಡಿಯ ದಾರಿಯ ನಾಲ್ಕನ್ನೂ ನಾನು ಹಾಕಿದ್ದೆ. ಎಗ್ಲಿಯ ಸಹಾಯಕರು ಕೆಳಗಿನ ಗೇಟುಗಳನ್ನು ದಿನವಿಡೀ ತೆರೆಯುತ್ತಲೇ ಇದ್ದರಂತೆ, ನಮ್ಮವರು ಮುಚ್ಚುತ್ತಲೇ ಇದ್ದರು. ಒಂದೊಂದಾಗಿ ಚೌಕದ ಕೈಗಳೆಲ್ಲ ಮೇಲೆ ಬಂದವು. ಪಾದ್ರಿಗಳ ಕೈಯೂ.

ತುಮಾಶ್ ಅಭ್ಯಾಸಬಲದಿಂದ ಎಣಿಸಿದ. "ಸರ್ವಾನುಮತ!" ಎಂದು ಬೆಂಚು ಗುದ್ದಿದ.

ಎಗ್ಲಿ ಸೀಟಿಯನ್ನು ಕುತ್ತಿಗೆಯಿಂದ ತೆಗೆದು ಜೇಬಿಗೆ ಹಾಕಿಕೊಂಡು ಸಾಸೇಜು ತಿನ್ನಲು ಹೋದಳು. ಮುಂದಿನ ವರ್ಷದ ಮಾತನ್ನು ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಬಾರ್ಲಾ ಅತ್ತೆ ಕುಂಟುತ್ತ ಪ್ಲಾಚಿಯ ಮುಂದೆ ಬಂದು ನಿಂತಳು. ಅವನು ಪದಕವನ್ನು ಅಂಗಿಯೊಳಗೆ ತುರುಕಲು ನೋಡಿದ.

"ಏಳು ಕಡೆಯೂ ಹೀಗೇನಾ?"

"ಹೂಂ ಅತ್ತೆ. ಎಲ್ಲ ಕಡೆಯೂ ಕೊನೆಯವನೇ." ಅವನ ಕಣ್ಣಲ್ಲಿ ನೀರಿತ್ತು. "ಮೊದಲ ದಿನವೇ ಹೇಳಬೇಕಿತ್ತು. ನೀನು ಮೊರಾಳ ಪದಕ ಸರಿಸಿಬಿಟ್ಟೆ. ಆಮೇಲೆ ಬಾಯಿ ಬರಲಿಲ್ಲ."

"ಅದಿರಲಿ. ಅಲ್ಲೆಲ್ಲ ಗೇಟುಗಳಿದ್ವಾ?"

"ಇದ್ವು. ಇಟಲಿಲಿ ಕುರಿದೊಡ್ಡಿಯವು. ಸ್ಲೊವೇನಿಯದಲ್ಲಿ ಹನ್ನೊಂದು. ಓಡೋರು ತೆರೆದೇ ಬಿಟ್ಟು ಹೋಗ್ತಿದ್ರು ಅತ್ತೆ, ಒಬ್ಬರೂ ತಿರುಗಿ ನೋಡ್ತಿರಲಿಲ್ಲ."

"ನೀನೇನು ಮಾಡಿದೆ?"

"ಹಾಕಿದೆ."

"ಎಲ್ಲಾನೂ?"

"ಎಲ್ಲಾನೂ. ಫ್ರಾನ್ಸಲ್ಲಿ ಒಂದು ಕರು ಆಗಲೇ ಹೊರಗೆ ಬಂದುಬಿಟ್ಟಿತ್ತು. ಅದನ್ನ ಹಿಡಿದು ಒಳಗೆ ಬಿಡೋಕೆ ಒಂದು ಗಂಟೆ ಹೋಯ್ತು."

ಅತ್ತೆ ಅವನ ಮುಖವನ್ನೇ ನೋಡಿದಳು. ಆಮೇಲೆ ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ಗೊತ್ತಾಗಲಿಲ್ಲ. ನನ್ನ ಕನ್ನಡಕವೂ ಸರಿಯಾಗಿ ಒರೆಸಿರಲಿಲ್ಲ. "ಪರದೇಶದವರ ಕರುಗೆ ಒಂದು ಗಂಟೆ!" ಎಂದು ಅವನ ಬೆನ್ನಿಗೆ ಟಪ್ಪೆಂದು ಒಂದು ಕೊಟ್ಟಳು. ಪ್ರದರ್ಶನದ ತೀರ್ಪುಗಾರನ ಕೈ ಬೀಳುವ ಹಾಗೆಯೇ ಬಿತ್ತು ಅದು. ಆಮೇಲೆ ಸೆಪ್ ಆಂಟೋನಿಯತ್ತ ತಿರುಗಿ, "ಏ, ಕೋಲು ಹೋದ್ರೆ ನಿನಗೆ ಬೇಜಾರಿಲ್ಲ ತಾನೆ?" ಅಂದಳು. ಸೆಪ್ ಆಂಟೋನಿ ಬಾಯಿ ತುಂಬ ಸಾಸೇಜು ಇಟ್ಟುಕೊಂಡು ಕೈ ಎತ್ತಿ ಒಪ್ಪಿಗೆ ಸೂಚಿಸಿದ.

ಸೆಪ್ಟೆಂಬರಿನಲ್ಲಿ ದನಗಳು ಇಳಿದವು. ಮೊರಾ ಹೂವಿನ ಕಿರೀಟ ತೊಟ್ಟು ಮುಂದೆ ಬಂದಳು. ಅವಳ ಮತ್ತು ಅವಳ ಹಿಂದಿನ ಏಳು ಹಸುಗಳ ಕುತ್ತಿಗೆಯಲ್ಲಿ, ಗಂಟೆಯ ಪಕ್ಕದಲ್ಲಿ ಒಂದೊಂದು ಪದಕ ಹೊಳೆಯುತ್ತಿತ್ತು. ಫೋಟೋ ತೆಗೆಯುತ್ತಿದ್ದ ಒಬ್ಬ ಹೆಂಗಸು ಇದೇನೆಂದು ಕೇಳಿದ್ದಕ್ಕೆ ಬಾರ್ಲಾ ಅತ್ತೆ ನನ್ನ ಬೆಂಚಿನ ಮೇಲಿಂದಲೇ, "ಹತ್ತಿದ್ವು, ಇಳಿದ್ವು. ಅಷ್ಟಕ್ಕೇ ಕೊಡ್ತಾರಂತೆ ಈಗ" ಅಂದಳು.

ಹಿಂಡು ಚೌಕ ತುಂಬಿತು. ಕೊನೆಯ ಕರುವೂ ಬಂತು. ಆಮೇಲೆ ಬಹಳ ಹೊತ್ತು ಯಾರೂ ಬರಲಿಲ್ಲ. ಬಾಯಾರಿದ ಜನ ನನ್ನ ಪೀಪಾಯಿಯನ್ನೇ ನೋಡುತ್ತ ನಿಂತಿದ್ದರು. ಯಾರೂ ಅವಸರ ಮಾಡಲಿಲ್ಲ. ಮೇಲಿನ ತಿರುವಿನಲ್ಲಿ ಬಳೆ ಬಿದ್ದ ಸದ್ದು ಕೇಳಿಸಿತು, ಮತ್ತೆ ಒಂದು ಸಲ ಅಲ್ಲಾಡಿಸಿ ನೋಡಿದ ಸದ್ದು. ಜಿಯಾಕೆನ್ ಮಾವನ ಕೋಲು ಹಿಡಿದು ಪ್ಲಾಚಿ ಇಳಿದು ಬಂದ.

"ಎಲ್ಲ ಬಂದ್ವೇನೋ?" ಎಂದಳು ಅತ್ತೆ.

"ಎಲ್ಲ ಬಂದ್ವು ಅತ್ತೆ. ಗೇಟು ಹಾಕಿದೆ."

ನಾನು ಬಿರಡೆ ತೆಗೆದೆ.